ಹಿನ್ನೆಲೆ ಥ್ರೆಡ್, ತಾನಾಗಿ ಬದಲಾಗುವ ಪೇಜು: ಫ್ಲಾಸ್ಕ್ (ಪೈಥಾನ್ ವೆಬ್ ಫ್ರೇಮ್‌ವರ್ಕ್) ಟಿಪ್ಪಣಿ

ಮೆಜೆಸ್ಟಿಕ್‌ನಿಂದ ಹೊರಡುವ ಬಸ್ಸುಗಳ ಸಿಎಸ್‌ವಿ ಫೈಲ್ ಅಪ್‌ಲೋಡ್ ಮಾಡಿದರೆ ವೇಳಾಪಟ್ಟಿಯ ಪಿಡಿಎಫ್ ಬರಬೇಕು, ಅದಕ್ಕೆ 40 ಸೆಕೆಂಡ್ ಹಿಡಿಯುತ್ತೆ ಅಂದುಕೊಳ್ಳಿ. ಈ ಕೆಲಸವನ್ನು ರೂಟ್ ಫಂಕ್ಷನ್ (ಒಂದು ವೆಬ್ ವಿಳಾಸಕ್ಕೆ ಉತ್ತರ ಕೊಡುವ ಫಂಕ್ಷನ್) ಒಳಗೇ ಇಟ್ಟರೆ, ಫ್ಲಾಸ್ಕ್ ಆ್ಯಪನ್ನು ಸರ್ವರಿನಲ್ಲಿ ಓಡಿಸುವ ಗುನಿಕಾರ್ನ್‌ನ ಸಿಂಕ್ ವರ್ಕರ್ (ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡುವ ಪ್ರೋಸೆಸ್) ಬದುಕುವುದಿಲ್ಲ. ಡೀಫಾಲ್ಟ್ ಟೈಮ್‌ಔಟ್ 30 ಸೆಕೆಂಡ್.

ಹಾಗಾಗಿ ಅಪ್‌ಲೋಡ್ ರೂಟ್ ಮಾಡಬೇಕಾದ್ದು ಇಷ್ಟೇ: ಒಂದು ಜಾಬ್ ಐಡಿ ಹುಟ್ಟಿಸು, ಫೈಲನ್ನು ಡಿಸ್ಕಿಗೆ ಸೇವ್ ಮಾಡು, ಥ್ರೆಡ್ (ಅದೇ ಪ್ರೋಸೆಸ್ ಒಳಗೆ ಪಕ್ಕದಲ್ಲಿ ಓಡುವ ಕೆಲಸ) ಶುರು ಮಾಡು, 303 (ಬೇರೆ ಪೇಜಿಗೆ ಹೋಗು ಅನ್ನುವ ಉತ್ತರದ ಕೋಡ್) ಕೊಟ್ಟು ಸ್ಟೇಟಸ್ ಪೇಜಿಗೆ ಕಳಿಸು. 303 ಕೊಟ್ಟರೆ ಮುಂದಿನ ರಿಕ್ವೆಸ್ಟ್ ಗೆಟ್ ಆಗುತ್ತೆ (ಪೇಜು ಕೇಳುವುದಷ್ಟೇ, ಫಾರಂ ಕಳಿಸುವುದಲ್ಲ), ರಿಫ್ರೆಶ್ ಆದಾಗಲೆಲ್ಲ ಫಾರಂ ಮತ್ತೆ ಪೋಸ್ಟ್ ಆಗುವ ಕಾಟ ಇಲ್ಲ. ಥ್ರೆಡ್‌ಗೆ ಫೈಲ್ ಪಾತ್ ಮತ್ತು ಜಾಬ್ ಐಡಿ ಮಾತ್ರ ಕೊಡಿ. ರಿಕ್ವೆಸ್ಟ್ ಆಬ್ಜೆಕ್ಟ್ ಅಲ್ಲಿ ಸಿಗುವುದಿಲ್ಲ.

ಈಗ ತಲೆ ತಿನ್ನುವ ಭಾಗ. ಶೇಕಡಾ ಎಷ್ಟು ಮುಗಿದಿದೆ ಅನ್ನುವುದನ್ನು ಗ್ಲೋಬಲ್ ಡಿಕ್ಷನರಿಯಲ್ಲಿ ಇಟ್ಟರೆ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಓಡುತ್ತೆ. ಸರ್ವರಿಗೆ ಹಾಕಿದ ಮೇಲೆ ಒಮ್ಮೆ 60% ತೋರಿಸುತ್ತೆ, ಮರು ರಿಫ್ರೆಶ್‌ಗೆ 404 (ಸಿಗಲಿಲ್ಲ), ಆಮೇಲೆ ಮತ್ತೆ 70%. ಥ್ರೆಡ್ ಸರಿಯಾಗೇ ಇದೆ. ಗುನಿಕಾರ್ನ್‌ಗೆ 4 ವರ್ಕರ್ ಅಂದರೆ 4 ಬೇರೆ ಬೇರೆ ಪ್ರೋಸೆಸ್. ಒಂದೊಂದಕ್ಕೂ ಅದರದೇ ಮೆಮೊರಿ, ಅದರದೇ ಡಿಕ್ಷನರಿ. ದರ್ಶಿನಿಯಲ್ಲಿ ದೋಸೆ ಕೌಂಟರಿಗೆ ಟೋಕನ್ ಕೊಟ್ಟು ಕಾಫಿ ಕೌಂಟರಿನಲ್ಲಿ 'ನನ್ನ ದೋಸೆ ಎಲ್ಲಿ' ಅಂತ ಕೇಳಿದ ಹಾಗೆ. ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಮುಟ್ಟಲಿ ಅನ್ನುವ ಬೀಗ) ಹಾಕಿದರೂ ಪ್ರಯೋಜನವಿಲ್ಲ, ಥ್ರೆಡಿಂಗ್ ಲಾಕ್ ಒಂದು ಪ್ರೋಸೆಸ್‌ನ ಗೋಡೆ ದಾಟುವುದಿಲ್ಲ. 1 ವರ್ಕರ್, 8 ಥ್ರೆಡ್ ಅಂತ ಬದಲಿಸಿದರೆ 404 ನಿಲ್ಲುತ್ತೆ, ಆದರೆ ರೀಸ್ಟಾರ್ಟ್ ಆದ ಕೂಡಲೇ ಎಲ್ಲ ಮಾಯ.

ಸ್ಥಿತಿ ಪ್ರೋಸೆಸ್‌ನ ಹೊರಗಿರಬೇಕು. ಒಂದೇ ಸರ್ವರಿದ್ದರೆ ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿರುವ ಡೇಟಾಬೇಸ್) ಟೇಬಲ್ ಧಾರಾಳ ಸಾಕು, ಇಷ್ಟಕ್ಕೆಲ್ಲ ರೆಡಿಸ್ (ಬೇರೆಯಾಗಿ ಓಡಿಸಬೇಕಾದ ಡೇಟಾ ಸರ್ವರ್) ಎಳೆದು ತರಬೇಡಿ. ಕಾಲಂಗಳು: ಐಡಿ, ಸ್ಥಿತಿ, ಶೇಕಡಾ, ಎರರ್, ಕೊನೆಗೆ ಬರೆದ ಸಮಯ. ಕನೆಕ್ಷನ್ ಥ್ರೆಡ್ ಒಳಗೇ ತೆರೆಯಿರಿ. ಹೊರಗೆ ತೆರೆದದ್ದನ್ನು ಒಳಗೆ ಬಳಸಿದರೆ ಪೈಥಾನ್ ಎರರ್ ಎಸೆಯುತ್ತೆ. ಪ್ರತಿ ಅಪ್‌ಡೇಟ್ ಆದಮೇಲೆ ಕಮಿಟ್ (ಬರೆದದ್ದನ್ನು ಖಾಯಂ ಮಾಡುವುದು) ಮಾಡಲೇಬೇಕು, ಇಲ್ಲದಿದ್ದರೆ ಸ್ಟೇಟಸ್ ಪೇಜಿಗೆ ಕೊನೆವರೆಗೂ ಸೊನ್ನೆಯೇ ಕಾಣುತ್ತೆ. ಥ್ರೆಡ್ ಒಳಗಿನ ಎಕ್ಸೆಪ್ಷನ್ ಬ್ರೌಸರಿಗೆ ತಲುಪುವುದಿಲ್ಲ, ಆದ್ದರಿಂದ ಇಡೀ ಕೆಲಸವನ್ನು ಟ್ರೈ ಒಳಗಿಟ್ಟು ಎಕ್ಸೆಪ್ಟ್‌ನಲ್ಲಿ 'ವಿಫಲ' ಅಂತ ಬರೆಯಿರಿ. ವರ್ಕರ್ ನಡುವೆ ಸತ್ತರೆ ಅದನ್ನು ಬರೆಯುವವರೂ ಇರುವುದಿಲ್ಲ. ಸಮಯದ ಕಾಲಂ ಇರುವುದು ಅದಕ್ಕೇ: 2 ನಿಮಿಷದಿಂದ ಏನೂ ಬರೆದಿಲ್ಲವೆಂದರೆ ಸ್ಟೇಟಸ್ ಪೇಜೇ ಅದನ್ನು ವಿಫಲ ಅಂತ ತೋರಿಸಲಿ.

ಪೇಜು ಬದಲಾಯಿಸಲು ಸುಲಭ ದಾರಿ ಮೆಟಾ ರಿಫ್ರೆಶ್ (ಪೇಜು ತಾನಾಗಿ ಮತ್ತೆ ಲೋಡ್ ಆಗುವಂತೆ ಮಾಡುವ ಎಚ್‌ಟಿಎಂಎಲ್ ಟ್ಯಾಗ್), 3 ಸೆಕೆಂಡಿಗೆ. ಕೆಲಸ ನಡೆಯುತ್ತಿರುವಾಗ ಮಾತ್ರ ಆ ಟ್ಯಾಗ್ ಕಳಿಸಿ, ಮುಗಿದಿದ್ದರೆ ಫಲಿತಾಂಶಕ್ಕೆ ರೀಡೈರೆಕ್ಟ್. ಒಂದು ಸಾಲು ಜಾವಾಸ್ಕ್ರಿಪ್ಟ್ ಕೂಡ ಬೇಡ.

ಜಾವಾಸ್ಕ್ರಿಪ್ಟೇ ಬೇಕೆಂದರೆ ಸೆಟ್‌ಇಂಟರ್‌ವಲ್ (ಇಷ್ಟು ಹೊತ್ತಿಗೊಮ್ಮೆ ಓಡುತ್ತಲೇ ಇರುವ ಟೈಮರ್) ಬಿಟ್ಟುಬಿಡಿ. ನೆಟ್ ನಿಧಾನವಾದಾಗ ಹಿಂದಿನ ಉತ್ತರ ಬರುವ ಮೊದಲೇ ಮುಂದಿನ ರಿಕ್ವೆಸ್ಟ್ ಹೊರಟಿರುತ್ತೆ. ಉತ್ತರ ಕೈಗೆ ಬಂದಮೇಲೆ, ಒಮ್ಮೆ ಮಾತ್ರ ಓಡುವ ಸೆಟ್‌ಟೈಮ್‌ಔಟ್ ಹಾಕಿ. ಬೇರೆ ಟ್ಯಾಬ್‌ಗೆ ಹೋದರೆ ಟೈಮರ್ ಮಂಕಾಗುತ್ತೆ. ಕ್ರೋಮ್ 88ರಿಂದ, ಟ್ಯಾಬ್ 5 ನಿಮಿಷಕ್ಕಿಂತ ಹೆಚ್ಚು ಮರೆಯಲ್ಲಿದ್ದರೆ ಇಂಥ ಸರಪಳಿ ಟೈಮರುಗಳು ನಿಮಿಷಕ್ಕೊಮ್ಮೆ ಮಾತ್ರ ಓಡುವುದುಂಟು. ವಿಸಿಬಿಲಿಟಿ‌ಚೇಂಜ್ ಈವೆಂಟ್ ಹಿಡಿದು, ಟ್ಯಾಬ್ ಕಂಡ ಕೂಡಲೇ ಒಮ್ಮೆ ಸ್ಟೇಟಸ್ ಕೇಳಿ. ಫಲಿತಾಂಶಕ್ಕೆ ಹೋಗುವಾಗ ಲೊಕೇಶನ್ ರಿಪ್ಲೇಸ್ (ಹಿಸ್ಟರಿಯಲ್ಲಿ ಈ ಪೇಜಿನ ಜಾಗದಲ್ಲೇ ಹೊಸದನ್ನು ಇಡುವ ಕರೆ) ಬಳಸಿ, ಬ್ಯಾಕ್ ಒತ್ತಿದವರು ಮತ್ತೆ ಕಾಯುವ ಪೇಜಿಗೆ ಬಂದು ಅಲ್ಲಿಂದ ವಾಪಸ್ ತಳ್ಳಿಸಿಕೊಳ್ಳುವುದು ತಪ್ಪುತ್ತೆ.