ನಾಲಿಗೆಗಿಂತ ಮೊದಲು ಕಣ್ಣು ಕುಡಿಯುತ್ತದೆ

ರುಚಿ ನೋಡಿ ಅಂಕ ಕೊಡಲು ಸಣ್ಣ ವೈನರಿಯ ಎರಡು ಬಾಟಲಿ ನಿಮ್ಮ ಮುಂದಿವೆ ಅಂದುಕೊಳ್ಳಿ. ಒಂದು ಕೆಂಪು, ಇನ್ನೊಂದು ಬಿಳಿ. ಬಣ್ಣ ನೋಡಿದ ಕೂಡಲೇ ಅರ್ಧ ತೀರ್ಪು ಆಗಿಹೋಗಿರುತ್ತದೆ. ತಮಾಷೆಗೆ ಹೇಳ್ತಿಲ್ಲ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಫ್ರಾನ್ಸ್‌ನ ಬೋರ್ಡೋದಲ್ಲಿ ವೈನ್ ವಿಜ್ಞಾನ ಓದುತ್ತಿದ್ದ 54 ಮಂದಿಗೆ ಬಿಳಿ ವೈನನ್ನೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಬಣ್ಣಿಸಿದ್ದು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿ!

ಹಾಗಂತ ಕೆಂಪಿಗೂ ಬಿಳಿಗೂ ಬಣ್ಣವೊಂದೇ ವ್ಯತ್ಯಾಸ ಅಂತಲ್ಲ. ಕೆಲವೇ ತಳಿಗಳನ್ನು ಬಿಟ್ಟರೆ, ಕಪ್ಪು ದ್ರಾಕ್ಷಿಯ ರಸಕ್ಕೂ ಬಣ್ಣವಿರುವುದಿಲ್ಲ. ಬಣ್ಣವೆಲ್ಲ ಸಿಪ್ಪೆಯಲ್ಲಿ. ಬಿಳಿ ವೈನಿಗೆ ರಸ ಹಿಂಡಿ, ಸಿಪ್ಪೆ ತೆಗೆದು, ಆಮೇಲೆ ಹುಳಿಯಲು ಬಿಡುತ್ತಾರೆ. ಕೆಂಪಿಗೆ ಸಿಪ್ಪೆ, ಬೀಜ ಎಲ್ಲ ರಸದಲ್ಲೇ ಇರುತ್ತವೆ. ಅವುಗಳಿಂದ ಟ್ಯಾನಿನ್ ಅನ್ನುವ ವಸ್ತು ಕೂಡ ಇಳಿಯುತ್ತದೆ.

ಈಗ ಕೆಂಪಿನ ಒಂದು ಗುಟುಕು ಬಾಯಲ್ಲಿ ಆಡಿಸಿ, ಉಗುಳಿ, ನಾಲಿಗೆಯನ್ನು ಒಸಡಿಗೆ ಉಜ್ಜಿ ನೋಡಿ. ಜಾರಬೇಕಾದ ಜಾಗ ತರಿತರಿಯಾಗಿರುತ್ತದೆ. ಟ್ಯಾನಿನ್ ಜೊಲ್ಲಿನ ಪ್ರೊಟೀನಿಗೆ ಅಂಟಿಕೊಂಡು ಅದರ ನುಣುಪನ್ನೇ ಕಿತ್ತುಹಾಕಿದೆ. ಒಗರು ಅಂತ ನಾವು ಕರೆಯುವುದು ಇದನ್ನೇ. ಇದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಬಿಳಿಯಲ್ಲಿ ಈ ಒಗರು ಕಡಿಮೆ, ಹುಳಿಯದ್ದೇ ಕಾರುಬಾರು. ಉಗುಳಿದ ಮೇಲೂ ಬಾಯಲ್ಲಿ ನೀರೂರುತ್ತದೆ.

ಉಳಿದದ್ದೆಲ್ಲ ಮೂಗಿನ ಕೆಲಸ. ಮೂಗು ಹಿಡಿದುಕೊಂಡು ಕುಡಿದರೆ ಹುಳಿ, ಸಿಹಿ, ಕಹಿ, ಒಗರು, ಆಲ್ಕೋಹಾಲಿನ ಬಿಸಿ ಇಷ್ಟೇ ಸಿಗುವುದು. ಬಿಟ್ಟ ತಕ್ಷಣ ಗಂಟಲ ಹಿಂದಿನಿಂದ ಘಮ ಮೇಲೇರಿ, ಹಣ್ಣು, ಕರಿಮೆಣಸು ಎಲ್ಲ ಒಟ್ಟಿಗೆ ಬಂದುಬಿಡುತ್ತವೆ. ವೈನ್ ತುಂಬಾ ತಣ್ಣಗಿದ್ದರೆ ಈ ಘಮ ಏಳುವುದಿಲ್ಲ, ಒಗರು ಮಾತ್ರ ಜಾಸ್ತಿಯಾಗುತ್ತದೆ. ಅದಕ್ಕೇ ಬಿಳಿಗೆ 8ರಿಂದ 12 ಡಿಗ್ರಿ, ಕೆಂಪಿಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ಅನ್ನುವುದು.

ಸಣ್ಣ ವೈನರಿಯ ವೈನಿನಲ್ಲಿ ಒಂದು ಪೀಪಾಯಿಗೂ ಇನ್ನೊಂದಕ್ಕೂ ಫರಕು ಇರಬಹುದು. ಅದು ದೋಷವಲ್ಲ. ಬೆಣ್ಣೆಯ ಘಮವೂ ದೋಷವಲ್ಲ. ಬ್ಯಾಕ್ಟೀರಿಯಾ ಸೇಬಿನ ಹುಳಿಯನ್ನು ಮೊಸರಿನ ಹುಳಿಯಾಗಿ ಬದಲಿಸುವಾಗ ಹುಟ್ಟುವಂಥದ್ದು. ಆದರೆ ಒದ್ದೆ ರಟ್ಟಿನ ವಾಸನೆ ಬಂದರೆ ಸಾಮಾನ್ಯವಾಗಿ ಬಿರಡೆ ಕೆಟ್ಟಿದೆ ಅಂತ ಅರ್ಥ. ಉಗುರುಬಣ್ಣದ ಘಾಟು ಎದ್ದು ಬಂದರೆ ಮುಲಾಜಿಲ್ಲದೆ ಅಂಕ ಕಳೆಯಿರಿ.

ಅಂಕದ ಮಾತು ಬಂದಾಗ ರಾಬರ್ಟ್ ಹಾಡ್ಜ್‌ಸನ್ ನೆನಪಾಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ವೈನರಿ ನಡೆಸುತ್ತಿದ್ದ ಪ್ರಾಧ್ಯಾಪಕ. ತಮ್ಮದೇ ವೈನಿಗೆ ಒಂದು ಕಡೆ ಚಿನ್ನದ ಪದಕ, ಇನ್ನೊಂದು ಕಡೆ ಏನೂ ಇಲ್ಲ, ಯಾಕೆ ಹೀಗೆ ಅನ್ನುವುದು ಅವರ ಪ್ರಶ್ನೆ. ಅಲ್ಲಿನ ರಾಜ್ಯಮಟ್ಟದ ಸ್ಪರ್ಧೆಯಲ್ಲೇ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ತಿಳಿಯದಂತೆ ಮೂರು ಸಲ ಕೊಡಿಸಿದರು. 2008ರ ಅವರ ಲೇಖನದ ಪ್ರಕಾರ, ಮೂರೂ ಸಲ ಒಂದೇ ಪದಕದ ಮಟ್ಟಕ್ಕೆ ಅಂಕ ಕೊಟ್ಟವರು ಶೇ. 10ರಷ್ಟು ಮಂದಿ ಮಾತ್ರ.

ನಿಮ್ಮನ್ನೂ ಪರೀಕ್ಷಿಸಿಕೊಳ್ಳಬಹುದು. ಗೆಳೆಯರೊಬ್ಬರು ಮರೆಯಲ್ಲಿ ಮೂರು ಗ್ಲಾಸ್ ತುಂಬಲಿ, ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳಬೇಕು. ಸುಮ್ನೆ ಊಹಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ, ಅಲ್ವಾ? ಹಾಗಾಗಿ ಒಂದು ಸಲ ಗೆದ್ದು ಬೀಗಬೇಡಿ. ಆರೇಳು ಸಲ ಮಾಡಿ, ಪ್ರತಿ ಸಲ ಉಗುಳಿ.