ಝೆಂಗ್ ಹೆ ನಕ್ಷೆ ಓದುವಾಗ: ಯಾವ ಪುಟ ಯಾವ ಹಲಗೆಯದು?

ಚೀನಾದ ಮಿಂಗ್ ಕಾಲದ ನೌಕಾಪತಿ ಝೆಂಗ್ ಹೆ 1405ರಿಂದ 1433ರ ನಡುವೆ ಏಳು ಸಲ ಹಡಗುಪಡೆ ತೆಗೆದುಕೊಂಡು ಹೋದದ್ದು ಗೊತ್ತೇ ಇದೆ. ಆ ದಾರಿಯ ನಕ್ಷೆ ಉಳಿದಿರುವುದು ‘ವುಬೆಯ್ ಝಿ’ ಎಂಬ ಯುದ್ಧವಿದ್ಯೆಯ ಗ್ರಂಥದಲ್ಲಿ. ಮಾವೋ ಯುವಾನ್‌ಯಿ 1621ರಲ್ಲಿ ಮುಗಿಸಿದ ಈ ಗ್ರಂಥದಲ್ಲಿ 240 ಭಾಗಗಳಿವೆ. ನಕ್ಷೆ ಕೊನೆಯ ಭಾಗದಲ್ಲಿದೆ, 40 ಪುಟ. ನಾನ್‌ಜಿಂಗ್‌ನಿಂದ ಶುರುವಾಗಿ ಕೊಚ್ಚಿ, ಕಲ್ಲಿಕೋಟೆ ದಾಟಿ ಪರ್ಷಿಯಾ ಕೊಲ್ಲಿಯ ಬಾಯಿಯ ಹೋರ್ಮುಜ್‌ವರೆಗೆ. ಬಲದಿಂದ ಎಡಕ್ಕೆ ಓದಬೇಕು.

ಮುದ್ರಣ ಸರಳ. ತೆಳು ಕಾಗದದ ಮೇಲೆ ಬರೆದದ್ದನ್ನು ಮರದ ಹಲಗೆಗೆ ಮಗುಚಿ ಅಂಟಿಸುತ್ತಾರೆ. ಗೆರೆ ಉಳಿಸಿ ಮಿಕ್ಕದ್ದನ್ನು ಕೆತ್ತುತ್ತಾರೆ. ಮಸಿ ಹಚ್ಚಿ, ಹಾಳೆ ಇಟ್ಟು, ಒಣ ಬ್ರಷ್‌ನಿಂದ ಉಜ್ಜುತ್ತಾರೆ. ಹಾಳೆಯ ಒಂದೇ ಬದಿಗೆ ಅಚ್ಚು.

ತೊಡಕು ಮಡಿಸುವಲ್ಲಿದೆ. ಎರಡು ಹಾಳೆ ತಗೊಳ್ಳಿ. ಮೊದಲನೆಯದರ ಬಲ ಅರ್ಧಕ್ಕೆ 1, ಎಡ ಅರ್ಧಕ್ಕೆ 2 ಅಂತ ಬರೆಯಿರಿ. ಎರಡನೆಯದಕ್ಕೆ ಹಾಗೇ 3, 4. ಬರೆದ ಮುಖ ಹೊರಗೆ ಬರುವಂತೆ ಮಧ್ಯಕ್ಕೆ ಮಡಿಸಿ. 1 ಮೇಲೆ ಕಾಣಲಿ, ಮಡಿಕೆ ಎಡಕ್ಕಿರಲಿ. ಅದರಡಿ ಎರಡನೆಯ ಹಾಳೆಯನ್ನು ಹಾಗೇ ಇಟ್ಟು, ಬಲಗಡೆಯ ಬಿಡಿ ಅಂಚುಗಳನ್ನು ಒಟ್ಟಿಗೆ ಹಿಡಿಯಿರಿ. ಹೊಲಿಗೆ ಬರುವುದು ಅಲ್ಲೇ. ಈಗ ಮೊದಲ ಹಾಳೆ ತಿರುವಿ. ಬಲಕ್ಕೆ 2, ಎಡಕ್ಕೆ 3. ಅಂದರೆ ಎದುರುಬದುರು ಕಾಣುವ ಎರಡು ಪುಟ ಬೇರೆ ಬೇರೆ ಹಲಗೆಯವು! ಒಂದೇ ಹಲಗೆಯಲ್ಲಿ ಕೆತ್ತಿದ 1 ಮತ್ತು 2 ಮಡಿಕೆಯ ಆಚೆ ಈಚೆ ಇರುತ್ತವೆ, ಪುಸ್ತಕ ತೆರೆದಾಗ ಜೊತೆಗೆ ಕಾಣುವುದೇ ಇಲ್ಲ.

ಇದು ಯಾಕೆ ಮುಖ್ಯ ಅಂದರೆ, ಕರಾವಳಿಯ ಗೆರೆ ಪುಟದಿಂದ ಪುಟಕ್ಕೆ ಹರಿಯುತ್ತದೆ. ಹೊಲಿಗೆಯ ಹತ್ತಿರ ಗೆರೆ ಸ್ವಲ್ಪ ಮೇಲೆ ಕೆಳಗೆ ಆಗಿದ್ದರೆ ಅಲ್ಲೊಂದು ಕೊಲ್ಲಿ ಇದೆ ಅಂತ ತಿಳಿಯಬೇಡಿ. ಎರಡು ಹಲಗೆ ಕೂಡುವ ಜಾಗ ಅದು. ಸ್ಕ್ಯಾನ್ ನೋಡುವಾಗ ನಾನು ಮೊದಲು ಮಡಿಕೆ ಎಲ್ಲಿದೆ ಅಂತ ಹುಡುಕುತ್ತೇನೆ, ಆಮೇಲೇ ಊರುಗಳ ಹೆಸರು.

ಇನ್ನು ದಿಕ್ಕು. ಪುಟದ ಮೇಲ್ಭಾಗ ಯಾವಾಗಲೂ ಉತ್ತರವಲ್ಲ. ಇಡೀ ದಾರಿಯನ್ನು ಒಂದು ಉದ್ದ ಪಟ್ಟಿಯಲ್ಲಿ ಹಿಡಿಸಬೇಕಲ್ವಾ? ಹಾಗಾಗಿ ಭಾರತದ ಕರಾವಳಿ ಮೇಲೆ, ಆಫ್ರಿಕಾದ್ದು ಕೆಳಗೆ, ಎರಡೂ ಅಡ್ಡ ಮಲಗಿವೆ. ದಿಕ್ಕು ಬೇಕಿದ್ದರೆ ದಾರಿಗೆರೆಯ ಪಕ್ಕದ ಬರಹ ನೋಡಿ. ಸುಮಾತ್ರಾದಿಂದ ಹೊರಟು ‘ಚಿಯೆನ್-ಶೂ’ ದಿಕ್ಕಿಗೆ 12 ಗೆಂಗ್ (ಸಮಯದ ಅಳತೆ) ಅಂತ ಒಂದು ಕಡೆ ಇದೆ. ದಿಕ್ಸೂಚಿಗೆ 24 ಹೆಸರು, ಒಂದೊಂದಕ್ಕೂ 15 ಡಿಗ್ರಿ ಅಂತರ. ಉತ್ತರದಿಂದ ಬಲಸುತ್ತಾಗಿ ಎಣಿಸಿದರೆ ಚಿಯೆನ್ 315, ಶೂ 300. ಜೋಡಿ ಹೆಸರು ಬಂದರೆ ನಡುವಿನದು: 307.5, ಸರಿಸುಮಾರು ವಾಯವ್ಯ. ಹಗಲು ರಾತ್ರಿ ಸೇರಿ 10 ಗೆಂಗ್, ಹಾಗಾಗಿ ಒಂದಕ್ಕೆ 2.4 ಗಂಟೆ. 12 ಗೆಂಗ್ ಅಂದರೆ 28.8 ಗಂಟೆಯ ಪಯಣ.

ನಕ್ಷೆ ಮುಗಿದ ಮೇಲೆ ನಾಲ್ಕು ನಕ್ಷತ್ರ ಚಿತ್ರಗಳಿವೆ. ನಡುವೆ ಹಡಗು, ಸುತ್ತ ನಕ್ಷತ್ರ. ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಅಂತ ಬೆರಳಿನ ಲೆಕ್ಕದಲ್ಲಿ ಬರೆದಿದ್ದಾರೆ. ಹೋರ್ಮುಜ್‌ನಿಂದ ಕಲ್ಲಿಕೋಟೆಗೆ ಮರಳುವ ಚಿತ್ರವನ್ನು ಮೊದಲು ಓದಿ: ದಕ್ಷಿಣಕ್ಕೆ ಬಂದ ಹಾಗೆ ಧ್ರುವ ನಕ್ಷತ್ರ ಕೆಳಗಿಳಿಯುತ್ತದೆ, ಬೆರಳಿನ ಲೆಕ್ಕವೂ ಇಳಿಯುತ್ತದೆ.