ಕೋಡಿ ಇಲ್ಲದ ಏರಿ: ಪಾರಂಪರಿಕ ರೈಲುಮಾರ್ಗದ ಸೇತುವೆ ಮತ್ತು ಏರಿಗಳ ದುರಸ್ತಿ

ಮಂಡ್ಯ ಸೀಮೆಯಲ್ಲಿ ಓದುತ್ತಿರುವ ನಮಗೆ ರೈಲ್ವೆ ಏರಿಯ ಪಾಠ ಸರಿಯಾಗಿ ಹತ್ತಬೇಕಾದರೆ ಮೊದಲು ಕೆರೆ ಏರಿಯನ್ನು ಕಣ್ಣಮುಂದೆ ತಂದುಕೊಳ್ಳುವುದು ಒಳ್ಳೆಯದು. ಎರಡೂ ಮಣ್ಣು ಸುರಿದು ಎತ್ತರಿಸಿದ ದಿಬ್ಬಗಳೇ. ಆದರೆ ಕೆರೆ ಏರಿಯನ್ನು ಕಟ್ಟುವುದೇ ನೀರು ನಿಲ್ಲಿಸಲೆಂದು. ಅದಕ್ಕೆ ಒಳಮೈಗೆ ಕಲ್ಲುಕಟ್ಟಣೆ, ನೀರು ಬಿಡಲು ತೂಬು, ಮಿಕ್ಕಿದ್ದು ಹರಿದುಹೋಗಲು ಕೋಡಿ ಇರುತ್ತವೆ. ರೈಲ್ವೆ ಏರಿಗೆ ಇವು ಯಾವುವೂ ಇಲ್ಲ, ಏಕೆಂದರೆ ಅದು ನೀರನ್ನು ಹಿಡಿದು ನಿಲ್ಲಬೇಕೆಂದು ಯಾರೂ ಎಣಿಸಿರಲಿಲ್ಲ; ಮಳೆನೀರು ಒಂದು ಮಗ್ಗುಲಿಂದ ಇನ್ನೊಂದಕ್ಕೆ ದಾಟಲು ಅಲ್ಲಲ್ಲಿ ಮೋರಿಗಳನ್ನು ಇಟ್ಟಿರುತ್ತಾರೆ, ಅಷ್ಟೆ. ಆ ಮೋರಿ ಹೂತುಹೋದ ದಿನ ರೈಲ್ವೆ ಏರಿಯು ಕೋಡಿಯೂ ತೂಬೂ ಇಲ್ಲದ ಕೆರೆ ಏರಿಯಾಗಿಬಿಡುತ್ತದೆ. ಹಳೆಯ ಮಾರ್ಗಗಳ ದುರಸ್ತಿಯ ಬಗ್ಗೆ ನಾನು ಓದಿದ ಬಹುಪಾಲು ಸಂಗತಿಗಳು ಕೊನೆಗೆ ಈ ಮಾತಿಗೇ ಬಂದು ಸೇರುವುದರಿಂದ ಟಿಪ್ಪಣಿಯನ್ನು ಇಲ್ಲಿಂದ ಆರಂಭಿಸಿದ್ದೇನೆ.

ಪಾರಂಪರಿಕ ರೈಲುಮಾರ್ಗವೆಂದರೆ ಹಳೆಯ ಹಳಿ, ಸೇತುವೆ, ಎಂಜಿನ್‌ಗಳನ್ನು ಮೂಲ ರೂಪ ಕೆಡದಂತೆ ಉಳಿಸಿಕೊಂಡು ಇಂದಿಗೂ ಓಡಿಸುತ್ತಿರುವ ಮಾರ್ಗ. ಮೈಸೂರಿನವರಿಗೆ ಹತ್ತಿರದ ಉದಾಹರಣೆ ನೀಲಗಿರಿಯದು: ಮೆಟ್ಟುಪಾಳ್ಯದಿಂದ 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ತಲುಪಿದ, 46 ಕಿ.ಮೀ. ಉದ್ದದ, 2005ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಮೀಟರ್‌ಗೇಜ್, ಎಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮಾರ್ಗ. ನಮ್ಮ ಬೆಂಗಳೂರು–ಮೈಸೂರು ಮಾರ್ಗವೂ ಹುಟ್ಟುವಾಗ ಮೀಟರ್‌ಗೇಜೇ ಆಗಿತ್ತು. 1876–78ರ ಭೀಕರ ಬರದ ಕಾಲದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿ ಅದರ ಮಣ್ಣಿನ ಕೆಲಸ ಮೊದಲಾಗಿ, 1882ರಲ್ಲಿ ರೈಲು ಮೈಸೂರು ಮುಟ್ಟಿತು. ಇಂದು ಅದು ಜೋಡಿಹಳಿಯ ಬ್ರಾಡ್‌ಗೇಜ್ ಆಗಿರುವುದರಿಂದ ಪಾರಂಪರಿಕ ಎನ್ನಲಾಗದು. ಆದರೆ ಆ ಕಾಲದ ಏರಿಗಳು ಹೇಗೆ ಎದ್ದವು ಎಂಬುದನ್ನು ಅದು ನೆನಪಿಸುತ್ತದೆ: ಪಕ್ಕದಲ್ಲೇ ಹೊಂಡ ತೋಡಿ, ಮಂಕರಿಯಲ್ಲಿ ಮಣ್ಣು ಹೊತ್ತು ಸುರಿದು, ಕೂರುವ ಕೆಲಸವನ್ನು ಮಳೆಗೂ ಓಡಾಡುವ ರೈಲಿಗೂ ಬಿಟ್ಟದ್ದು. ಇಂದಿನಂತೆ ಪದರ ಪದರವಾಗಿ ರೋಲರ್ ಓಡಿಸಿ ಸಾಂದ್ರತೆ ಅಳೆಯುವ ಪದ್ಧತಿ ಆಗ ಇರಲಿಲ್ಲ. ಆದ್ದರಿಂದ ಹಳೆಯ ಏರಿಯ ಒಳಗೆ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ.

ಏರಿ ಕೆಡುವ ಬಗೆಗಳನ್ನು ಪಠ್ಯಗಳು ಹಲವು ಹೆಸರಿನಲ್ಲಿ ವಿಂಗಡಿಸುತ್ತವೆ. ಇಳಿಜಾರಿನ ಮೇಲೆ ಹರಿಯುವ ನೀರು ಕೊರಕಲು ಬೀಳಿಸುವುದು ಕಣ್ಣಿಗೆ ಕಾಣುವಂಥದ್ದು, ಹಾಗಾಗಿ ಕಡಿಮೆ ಅಪಾಯದ್ದು. ಒಳಗಿನಿಂದ ಮಣ್ಣು ಕದಿಯುವ ಸೋರಿಕೆಯೇ ನಿಜವಾದ ಶತ್ರು. ಹೆಗ್ಗಣದ ಬಿಲ, ಏಡಿಯ ತೂತು, ಸತ್ತ ಮರದ ಬೇರು ಕೊಳೆತು ಉಳಿದ ಸುರಂಗ, ಇವುಗಳಲ್ಲಿ ಯಾವುದಾದರೂ ಒಂದರೊಳಗೆ ನೀರು ಹೊಕ್ಕರೆ ಅದು ದಾರಿಯನ್ನು ಅಗಲಿಸಿಕೊಳ್ಳುತ್ತ ಹೋಗಿ, ಒಂದು ರಾತ್ರಿ ಮೇಲಿನ ಜಲ್ಲಿ ಸಮೇತ ಏರಿ ಕುಸಿಯುತ್ತದೆ. ನಾಲೆಯ ಬಯಲಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಏರಿಯ ಬುಡಕ್ಕೆ ಅಂಟಿಕೊಂಡೇ ಭತ್ತದ ಗದ್ದೆಯೋ ಕಬ್ಬಿನ ತೋಟವೋ ಇದ್ದರೆ ಬುಡದ ಮಣ್ಣು ತಿಂಗಳುಗಟ್ಟಲೆ ನೆನೆದೇ ಇರುತ್ತದೆ. ಮಳೆಗಾಲ ಬರುವ ಮೊದಲೇ ಅದರ ತ್ರಾಣ ಇಳಿದಿರುತ್ತದೆ.

ಮಂಡ್ಯದ ಹೊರವಲಯದ ಒಂದು ಹಳೆಯ ಕಲ್ಲು ಮೋರಿಯನ್ನು ನಮ್ಮ ಅಧ್ಯಯನದ ಗುಂಪು ಹೊಲದ ಕಡೆಯಿಂದ ನೋಡಲು ಹೋಗಿತ್ತು. ಬಾಯಿಯ ಮುಕ್ಕಾಲು ಪಾಲನ್ನು ಕಬ್ಬಿನ ತರಗು, ಪ್ಲಾಸ್ಟಿಕ್ ಚೀಲ, ಒಂದು ಹರಿದ ಗೊಬ್ಬರದ ಮೂಟೆ ಸೇರಿ ಮುಚ್ಚಿದ್ದವು. ಮೋರಿಯ ಒಳಗೆ ನೀರು ಹೆಚ್ಚು ಹರಿಯುತ್ತಿರಲಿಲ್ಲ. ಆದರೆ ಆಚೆ ಬದಿಯಲ್ಲಿ, ರೆಕ್ಕೆಗೋಡೆಯ (ಮೋರಿಯ ಬಾಯಿಯ ಅಕ್ಕಪಕ್ಕ ಮಣ್ಣು ತಡೆಯುವ ಗೋಡೆಯ) ಪಕ್ಕದ ಹುಲ್ಲಿನ ಬುಡದಿಂದ ಸಣ್ಣಗೆ ಒಸರುತ್ತಿತ್ತು. ಆ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಬದುವಿನ ಕಲ್ಲಿನ ಮೇಲೆ ಅಲ್ಲಾಡದಂತೆ ಇಟ್ಟೆವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ತಳದಲ್ಲಿ ಕೆಮ್ಮಣ್ಣಿನ ತೆಳು ಗೆರೆ ಕೂತಿತು. ತಿಳಿನೀರು ಒಸರಿದರೆ ಅದು ಬರಿಯ ಸೋರಿಕೆ, ಕಾದು ನೋಡಬಹುದು. ಮಣ್ಣು ಹೊತ್ತ ನೀರು ಒಸರಿದರೆ ಏರಿಯ ಒಡಲೇ ಹೊರಗೆ ಬರುತ್ತಿದೆ ಎಂದು ಅರ್ಥ. ಕೆರೆ ಏರಿ ಕಾಯುವವರು ಬಲ್ಲ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ.

ನದಿಯ ಮಗ್ಗುಲಿನ ಏರಿಗೆ ಇನ್ನೊಂದು ಅಪಾಯವಿದೆ, ಪರೀಕ್ಷೆ ಬರೆಯುವಾಗ ಹಲವರು ಇಲ್ಲಿ ಎಡವುತ್ತಾರೆ. ಪ್ರವಾಹ ಏರುವಾಗ ಜರಿಯದ ಇಳಿಜಾರು ಪ್ರವಾಹ ಇಳಿಯುವಾಗ ಜರಿಯುತ್ತದೆ. ಏರುವಾಗ ಹೊರಗಿನ ನೀರು ಇಳಿಜಾರನ್ನು ಒತ್ತಿ ಹಿಡಿದಿರುತ್ತದೆ; ಕಬಿನಿ ಜಲಾಶಯದ ಗೇಟುಗಳನ್ನು ಇಳಿಸಿದೊಡನೆ ನಂಜನಗೂಡಿನ ಕಡೆ ಹೊಳೆ ಬೇಗ ತಗ್ಗಿದಾಗ ಆ ಒತ್ತು ಹೋಗುತ್ತದೆ, ಆದರೆ ಮಣ್ಣು ಕುಡಿದ ನೀರು ಅಷ್ಟೇ ಬೇಗ ಹೊರಬರಲಾರದು. ಒಳಗಿನ ರಂಧ್ರಜಲದ, ಎಂದರೆ ಮಣ್ಣಿನ ಕಣಗಳ ನಡುವೆ ಸಿಕ್ಕಿದ ನೀರಿನ, ಒತ್ತಡ ಹಾಗೆಯೇ ಉಳಿದು ಮಣ್ಣನ್ನು ಹೊರಗೆ ನೂಕುತ್ತದೆ. ಆದ್ದರಿಂದ ನೆರೆ ಇಳಿಯಿತೆಂದು ಗಸ್ತು ನಿಲ್ಲಿಸುವುದು ತಪ್ಪು. ಅತಿ ಹೆಚ್ಚು ಕಣ್ಣಿಡಬೇಕಾದದ್ದು ಆಗಲೇ.

ಹೊರಗಿನ ಎರಡು ನಿದರ್ಶನಗಳನ್ನು ಇಲ್ಲಿ ಸೇರಿಸಬಹುದು. ಇಂಗ್ಲೆಂಡಿನ ಸೆವರ್ನ್ ವ್ಯಾಲಿ ಪಾರಂಪರಿಕ ರೈಲುಮಾರ್ಗದಲ್ಲಿ 2007ರ ಜೂನ್ ತಿಂಗಳ ಬಿರುಮಳೆಗೆ ಏರಿಗಳು ಹಲವೆಡೆ ಕೊಚ್ಚಿಹೋಗಿ, ಇಡೀ ಮಾರ್ಗ ಮತ್ತೆ ತೆರೆಯುವಾಗ 2008ರ ಮಾರ್ಚ್ ಬಂದಿತ್ತು. ನಮ್ಮಲ್ಲಿ 2023ರ ಆಗಸ್ಟ್‌ನಲ್ಲಿ ಶಿಮ್ಲಾದ ಸಮ್ಮರ್ ಹಿಲ್ ಬಳಿ ಕುಸಿತವಾದಾಗ, 1903ರ ಕಾಲ್ಕಾ–ಶಿಮ್ಲಾ ಮಾರ್ಗದ ಹಳಿಯೂ ಸ್ಲೀಪರುಗಳೂ ಕೆಳಗೆ ಆಧಾರವಿಲ್ಲದೆ ಗಾಳಿಯಲ್ಲಿ ತೂಗಾಡಿದ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಹಳಿ ತುಂಡಾಗದೆ ತೂಗಾಡುವುದು ನೋಡಲು ವಿಚಿತ್ರ. ಆದರೆ ಅದರಲ್ಲಿ ಒಂದು ಎಚ್ಚರಿಕೆಯಿದೆ: ಕೆಳಗಿನ ಮಣ್ಣು ಹೋದರೂ ಹಳಿ ಮುರಿಯದಿದ್ದರೆ ಸಿಗ್ನಲ್‌ಗೆ ಏನೂ ತಿಳಿಯುವುದಿಲ್ಲ. ನಡೆದು ನೋಡುವ ಮನುಷ್ಯನ ಕಣ್ಣಿಗೆ ಮಾತ್ರ ಅದು ತಿಳಿಯುತ್ತದೆ.

ಕೊಚ್ಚಿಹೋದ ಏರಿಯನ್ನು ಮತ್ತೆ ಕಟ್ಟುವಾಗ ಮೇಲಿನಿಂದ ಟಿಪ್ಪರ್‌ನಲ್ಲಿ ಮಣ್ಣು ಸುರಿದು ಹಳ್ಳ ತುಂಬಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟ ದಾರಿ. ಹಳೆಯ ಜರಿದ ಮೈ ಜಾರುಬಂಡೆಯಂತಿರುತ್ತದೆ; ಹೊಸ ಮಣ್ಣು ಅದರ ಮೇಲೆ ಕೂತಂತೆ ಕಂಡು ಮುಂದಿನ ಮಳೆಯಲ್ಲಿ ಅದೇ ಗೆರೆಯಲ್ಲಿ ಜಾರುತ್ತದೆ. ಮೊದಲು ಸಡಿಲ ಮಣ್ಣನ್ನೆಲ್ಲ ತೆಗೆದು, ಗಟ್ಟಿ ಮೈಯಲ್ಲಿ ಮೆಟ್ಟಿಲು ಕಡಿದು, ಬುಡದಿಂದ 20–30 ಸೆಂ.ಮೀ. ಪದರಗಳಲ್ಲಿ ಹದವಾದ ತೇವದ ಮಣ್ಣು ಹರಡಿ ಗಟ್ಟಿಸುತ್ತ ಮೇಲೆ ಬರಬೇಕು. ಇಳಿಜಾರು ಸಾಮಾನ್ಯವಾಗಿ ಅಡ್ಡ 2ಕ್ಕೆ ಎತ್ತರ 1. ಏರಿಯ ತಲೆಯ ಮೇಲೆ ನೀರು ನಿಲ್ಲದಂತೆ 30ಕ್ಕೆ 1ರ ವಾಟ. ಬುಡದಲ್ಲಿ ಕಲ್ಲು ತುಂಬಿದ ತಂತಿ ಬುಟ್ಟಿ, ಅಂದರೆ ಗೇಬಿಯನ್, ಇಡುವುದಾದರೆ ಅದರ ಹಿಂದೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಶೋಧಕ ಪದರ ಇರಲೇಬೇಕು. ಇದಕ್ಕೆ ಟೆರ್ಜಾಗಿಯ ನಿಯಮ ನೆನಪಿಡಿ: ಶೋಧಕದ 15 ಶೇಕಡ ಗಾತ್ರವು (ತೂಕದಲ್ಲಿ 15 ಶೇಕಡ ಕಣಗಳು ಯಾವ ಗಾತ್ರಕ್ಕಿಂತ ಸಣ್ಣವೋ ಆ ಗಾತ್ರ) ಏರಿಮಣ್ಣಿನ 85 ಶೇಕಡ ಗಾತ್ರದ ನಾಲ್ಕೈದು ಪಟ್ಟಿಗಿಂತ ಹೆಚ್ಚಿರಬಾರದು. ಶೋಧಕವಿಲ್ಲದ ಗೇಬಿಯನ್ ನೀರಿನ ಜೊತೆ ಮಣ್ಣನ್ನೂ ಬಿಟ್ಟುಕೊಡುವ ಜರಡಿ. ಮೈಮೇಲೆ ತೆಂಗಿನ ನಾರಿನ ಚಾಪೆ ಹೊದಿಸಿ ಗರಿಕೆ ಅಥವಾ ಲಾವಂಚ ನೆಡುವುದು ನಮ್ಮ ಸೀಮೆಗೆ ಹೇಳಿ ಮಾಡಿಸಿದ ಉಪಾಯ; ಚಾಪೆ ಕೆಲವು ವರ್ಷಗಳಲ್ಲಿ ಕೊಳೆತು ಮಣ್ಣಾಗುವ ಹೊತ್ತಿಗೆ ಬೇರು ಅದರ ಕೆಲಸವನ್ನು ವಹಿಸಿಕೊಂಡಿರುತ್ತದೆ. ಇಷ್ಟೆಲ್ಲ ಮಾಡಿಯೂ ಮೇಲ್ಬದಿಯ ಮೋರಿಯ ಬಾಯಿ ಬಿಡಿಸದಿದ್ದರೆ ಖರ್ಚು ವ್ಯರ್ಥ.

ಸೇತುವೆಗೆ ಬಂದರೆ, ಭಾರಕ್ಕಿಂತ ತಳ ಕೊರೆತವೇ ಹೆಚ್ಚು ಸೇತುವೆಗಳನ್ನು ಕೆಡವುತ್ತದೆ. ಮೆಕ್ಕಲು ತಳದ ನದಿಯಲ್ಲಿ ಕೊರೆತದ ಆಳಕ್ಕೆ ಲೇಸಿಯ ಸೂತ್ರವನ್ನು ಬಳಸುತ್ತೇವೆ: D = 0.473 × (Q/f)ರ ಘನಮೂಲ. ಇಲ್ಲಿ D ಪ್ರವಾಹ ಮಟ್ಟದಿಂದ ಅಳೆದ ಆಳ, Q ಪ್ರವಾಹ, f ತಳದ ಹೂಳಿನ ಗುಣಾಂಕ. ಒಂದು ಕಲ್ಪಿತ ಲೆಕ್ಕ ಮಾಡೋಣ. ಪ್ರವಾಹ ಸೆಕೆಂಡಿಗೆ 1000 ಘನಮೀಟರ್, ಹೂಳಿನ ಗುಣಾಂಕ 1 ಎಂದುಕೊಂಡರೆ D ಸುಮಾರು 4.73 ಮೀಟರ್. ಕಂಬದ ಮೂಗಿನ (ಹರಿವಿಗೆ ಎದುರಾದ ತುದಿಯ) ಬಳಿ ಇದರ ಎರಡು ಪಟ್ಟು, ಎಂದರೆ ಗರಿಷ್ಠ ಪ್ರವಾಹ ಮಟ್ಟದಿಂದ 9.46 ಮೀಟರ್ ಕೆಳಗೆ. ಈ ಪ್ರವಾಹಕ್ಕೆ ನದಿ ತಾನಾಗಿ ಬಯಸುವ ಅಗಲ 4.83 × √1000, ಹೆಚ್ಚುಕಡಿಮೆ 153 ಮೀಟರ್. ನಾವು ಕಂಬಗಳನ್ನಿಟ್ಟು ಅದನ್ನು 100 ಮೀಟರಿಗೆ ಇಳಿಸಿದರೆ ಪ್ರತಿ ಮೀಟರಿಗೆ 10 ಘನಮೀಟರ್ ನುಗ್ಗುತ್ತದೆ, ಆಗ 1.338 × (10²/1)ರ ಘನಮೂಲದಂತೆ ಆಳ 6.21 ಮೀಟರಿಗೂ, ಕಂಬದ ಬಳಿ 12.4 ಮೀಟರಿಗೂ ಏರುತ್ತದೆ. ಅಗಲ ಕಿತ್ತುಕೊಂಡರೆ ನದಿ ಆಳದಲ್ಲಿ ವಸೂಲು ಮಾಡುತ್ತದೆ. ಆದರೆ ಶ್ರೀರಂಗಪಟ್ಟಣದ ಕಾವೇರಿಯಂತೆ ಬಂಡೆ ತಳ ಎದ್ದು ಕಾಣುವಲ್ಲಿ ಈ ಸೂತ್ರವನ್ನು ಕಣ್ಣುಮುಚ್ಚಿ ಹಾಕಬಾರದು. ಅದು ಮೆಕ್ಕಲಿಗಾಗಿ ಹುಟ್ಟಿದ ಲೆಕ್ಕ.

ಈ ದೃಷ್ಟಿಯಿಂದ ನಂಜನಗೂಡಿನ ಹಳೆಯ ಸೇತುವೆ ಪಕ್ಕದ ಮೈಸೂರು ಜಿಲ್ಲೆಯಲ್ಲೇ ಇರುವ ದೊಡ್ಡ ಪಾಠಶಾಲೆ. ದಳವಾಯಿ ದೇವರಾಜರ ಕಾಲದಲ್ಲಿ, 1735ರಲ್ಲಿ ಕಟ್ಟಿದ್ದೆಂದು ದಾಖಲಾಗಿರುವ, ಕಬಿನಿಯ ಮೇಲಿನ ಈ ಸೇತುವೆಯು ಮುಂದೆ ಮೀಟರ್‌ಗೇಜ್ ಹಳಿಯನ್ನೂ ರಸ್ತೆಯನ್ನೂ ಒಟ್ಟಿಗೆ ಹೊತ್ತಿತು. ಬ್ರಾಡ್‌ಗೇಜ್ ಬಂದ ಮೇಲೆ ರೈಲು ಪಕ್ಕದ ಹೊಸ ಸೇತುವೆಗೆ ಸರಿಯಿತು. ಸುಮಾರು 225 ಮೀಟರ್ ಉದ್ದವನ್ನು ಐವತ್ತಕ್ಕೂ ಹೆಚ್ಚು ಕಂಬಗಳು ಹಂಚಿಕೊಂಡಿವೆ, ಎಂದರೆ ಕಂಬದ ದಪ್ಪವೂ ಸೇರಿ ಒಂದು ಅಂಕಣಕ್ಕೆ (ಎರಡು ಕಂಬಗಳ ನಡುವಿನ ಭಾಗಕ್ಕೆ) ನಾಲ್ಕೂವರೆ ಮೀಟರೂ ಸಿಗುವುದಿಲ್ಲ. ಇಂದಿನ ಎಂಜಿನಿಯರು ಇಷ್ಟು ಒತ್ತಾಗಿ ಕಂಬ ಇಡಲು ಒಪ್ಪಲಾರರು, ಏಕೆಂದರೆ ನೆರೆಯಲ್ಲಿ ತೇಲಿಬರುವ ಒಂದು ಮರದ ಬೊಡ್ಡೆ ಎರಡು ಕಂಬಗಳಿಗೆ ಅಡ್ಡ ಸಿಕ್ಕಿಕೊಂಡರೆ ಸಾಕು, ಒಂದು ಅಂಕಣ ಮುಚ್ಚಿದಂತೆಯೇ. ಹಾಗಿದ್ದೂ ಅದು ಎರಡೂವರೆ ಶತಮಾನಕ್ಕೂ ಮಿಕ್ಕಿ ನಿಂತಿದೆ. ನನ್ನ ಮಟ್ಟಿಗೆ ಇದು ಸೂತ್ರಕ್ಕೆ ವಿರೋಧವಲ್ಲ, ಅಡಿಪಾಯ ಎಲ್ಲಿ ಕೂತಿದೆ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದಕ್ಕೆ ಸಾಕ್ಷಿ.

ಇಂಥ ಕಲ್ಲು–ಇಟ್ಟಿಗೆಯ ಕಟ್ಟಡಕ್ಕೆ ಸಿಮೆಂಟ್ ಮೆತ್ತುವುದು ದುರಸ್ತಿಯಲ್ಲಿ ಎಲ್ಲರೂ ಮಾಡುವ ತಪ್ಪು. ಸುಣ್ಣದ ಗಾರೆ ಮೆದು. ಕಮಾನು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವಾಗ ಅದು ಬಾಗಿಕೊಡುತ್ತದೆ, ಒಳಗಿನ ತೇವ ಸಂದಿಯ ಮೂಲಕವೇ ಆರುತ್ತದೆ. ಸಂದಿಗೆ ಗಡಸು ಸಿಮೆಂಟ್ ತುಂಬಿದರೆ ತೇವಕ್ಕೆ ಹೊರದಾರಿ ಇಲ್ಲವಾಗಿ, ಅದು ಇಟ್ಟಿಗೆಯ ಮೈಯಿಂದಲೇ ಹೊರಟು, ಲವಣ ಹರಳುಗಟ್ಟಿ, ಇಟ್ಟಿಗೆಯ ಮುಖ ಹಪ್ಪಳದಂತೆ ಏಳುತ್ತದೆ. ಸಂದಿ ಉಳಿದು ಇಟ್ಟಿಗೆ ಹೋಗುವ ಈ ದೃಶ್ಯವನ್ನು ಮೈಸೂರಿನ ಹಳೆಯ ಮನೆಗಳ ಗೋಡೆಗಳಲ್ಲೂ ಕಾಣಬಹುದು. ಸುರ್ಕಿ, ಎಂದರೆ ಸುಟ್ಟ ಇಟ್ಟಿಗೆಯ ಪುಡಿ, ಬೆರೆಸಿದ ಸುಣ್ಣದ ಗಾರೆಯು ನೀರಿನಲ್ಲೂ ಗಟ್ಟಿಯಾಗುತ್ತದೆ ಎಂಬುದಕ್ಕೆ ಕನ್ನಂಬಾಡಿ ಕಟ್ಟೆಗಿಂತ ದೊಡ್ಡ ಸಾಕ್ಷಿ ನಮಗೆ ಬೇಕಿಲ್ಲ. ಸಡಿಲ ಗಾರೆಯನ್ನು ಕೈಯುಳಿಯಿಂದ ಕೆದಕಿ, ಸಂದಿಯನ್ನು ನೀರಿನಿಂದ ತೊಳೆದು, ತೇವ ಇರುವಾಗಲೇ ಹೊಸ ಗಾರೆಯನ್ನು ಒತ್ತಿ ತುಂಬಿ, ವಾರವಾದರೂ ಒದ್ದೆ ಗೋಣಿತಾಟು ಹೊದಿಸಿಡಬೇಕು. ಕಂಬದ ಸಂದಿಯಲ್ಲಿ ಅರಳಿಯ ಸಸಿ ಬೆಳೆದಿದ್ದರೆ ಕೀಳಬಾರದು. ಬೇರಿನೊಂದಿಗೆ ಕಲ್ಲೂ ಬರುತ್ತದೆ. ಕಡಿದು, ಬೇರನ್ನು ಸಾಯಿಸಿ, ಆ ಪೊಳ್ಳನ್ನು ತೆಳು ಗಾರೆಯಿಂದ ತುಂಬಬೇಕು. ಬಿರುಕು ಕಂಡರೆ ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಡುತ್ತಾರೆ. ಗಾಜು ಒಡೆದರೆ ಬಿರುಕು ಜೀವಂತ, ಒಡೆಯದಿದ್ದರೆ ಹಳೆಯ ಗಾಯ.

ಕಬ್ಬಿಣದ ಗರ್ಡರುಗಳ ಬಗ್ಗೆ ಒಂದೇ ಮಾತು ಸಾಕು. 1895ಕ್ಕೆ ಮೊದಲಿನ ಉಕ್ಕಿನಲ್ಲಿ ರಂಜಕದ ಅಂಶ ಹೆಚ್ಚಿದ್ದು ಅದು ಪೆಡಸಾಗಿರುವ ಸಂಭವವಿರುತ್ತದೆ. ಅದಕ್ಕೆ ವೆಲ್ಡಿಂಗ್ ಮಾಡಬಾರದು. ಸಡಿಲ ರಿವೆಟ್ಟನ್ನು ಹುಡುಕಲು ಅದರ ಒಂದು ಬದಿಗೆ ಬೆರಳಿಟ್ಟು ಇನ್ನೊಂದು ಬದಿಗೆ ಹಗುರ ಸುತ್ತಿಗೆಯಿಂದ ತಟ್ಟುತ್ತಾರೆ. ಬೆರಳಿಗೆ ಅದುರುವಿಕೆ ತಾಕಿದರೆ ಬದಲಿಸಬೇಕು.

ದುರಸ್ತಿ ಮುಗಿದ ಮೇಲೆ ಮೊದಲ ರೈಲು ನಡಿಗೆಯ ವೇಗದಲ್ಲಿ ದಾಟುತ್ತದೆ. ಹೊಸ ಮಣ್ಣು ಕೂತಂತೆ ಜಲ್ಲಿ ತುಂಬಿ ಹಳಿಯ ಮಟ್ಟ ಸರಿಪಡಿಸುತ್ತ ವೇಗವನ್ನು ಹಂತಹಂತವಾಗಿ ಏರಿಸುತ್ತಾರೆ. ತಪಾಸಣೆಯ ಕ್ಯಾಲೆಂಡರನ್ನು ನಮ್ಮ ಸೀಮೆಯಲ್ಲಿ ಎರಡಾಗಿ ಹಿಡಿಯುವುದು ಸರಿಯೆಂದು ನನ್ನ ಅಭಿಪ್ರಾಯ. ಕಬಿನಿಯ ನೆರೆ ವಯನಾಡಿನ ಮಳೆಯಿಂದ ಜುಲೈ–ಆಗಸ್ಟ್‌ನಲ್ಲಿ ಬರುತ್ತದೆ, 2019ರ ಆಗಸ್ಟ್‌ನಲ್ಲಿ ನಂಜನಗೂಡು ಕಂಡಂತೆ; ಹೀಗಾಗಿ ನದಿ ಸೇತುವೆಯ ಕೆಲಸ ಜೂನ್‌ಗೆ ಮೊದಲೇ ಮುಗಿದಿರಬೇಕು. ಆದರೆ ಮಂಡ್ಯದ ಸ್ವಂತ ಮಳೆ ಜೋರಾಗುವುದು ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಆದ್ದರಿಂದ ಸಣ್ಣ ಮೋರಿಗಳ ಬಾಯನ್ನು ಏಪ್ರಿಲ್ ಕೊನೆಗೆ ಬಿಡಿಸಿದರೆ ಸಾಲದು. ನಡುವೆ ಕಬ್ಬಿನ ತರಗು ಮತ್ತೆ ಬಂದು ಕೂತಿರುತ್ತದೆ, ಆಗಸ್ಟ್ ಕೊನೆಯ ವಾರದಲ್ಲಿ ಇನ್ನೊಮ್ಮೆ ಗುದ್ದಲಿ ಹಿಡಿದು ಹೋಗಬೇಕು.